ಎಷ್ಟಾದರೆ ವಿಷ

ಅಣ್ಣ ಕಾಗದದ ಕಾರ್ಖಾನೆಯಲ್ಲಿ ಪಂಪ್ ಮೆಕ್ಯಾನಿಕ್. ಹೊಲಸು ನೀರು ಬಂದು ಸೇರುವ ನೆಲದಡಿಯ ತೊಟ್ಟಿಗಳು ಅವನ ಪಾಲಿಗೆ ಬಂದಿದ್ದವು. ನಾನು ಪ್ರಯೋಗಾಲಯದಲ್ಲಿ ಹದಿಮೂರು ವರ್ಷದಿಂದ ಒಂದೇ ಅನಿಲದ ಬೆನ್ನು ಹತ್ತಿದವಳು: ಹೈಡ್ರೋಜನ್ ಸಲ್ಫೈಡ್. ಅಣ್ಣನ ತೊಟ್ಟಿಯಲ್ಲಿ ಕೊಳೆತ ಮೊಟ್ಟೆಯ ಹಾಗೆ ನಾರುತ್ತಿದ್ದದ್ದೂ ಅದೇ. "ನಮ್ಮಿಬ್ಬರ ಹೊಟ್ಟೆ ತುಂಬಿಸೋದು ಒಂದೇ ನಾತ ಕಣೇ," ಎಂದು ನಗುತ್ತಿದ್ದ.

ಬುಧವಾರ ಬೆಳಿಗ್ಗೆ ಪಂಪ್ ಕಟ್ಟಿಕೊಂಡಿತು. ಮಾಸ್ಕ್ ಇಲ್ಲದೆ ಇಳಿದವನು ಏಣಿಯ ಅರ್ಧದಲ್ಲೇ ಕುಸಿದ. ಮೇಲೆತ್ತುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಗುಂಡಿಗೆ ಬಡಿಯುತ್ತಿತ್ತು, ಅಷ್ಟೇ.

ನಾನು ಆಸ್ಪತ್ರೆಗೆ ಹೋದಾಗ ಅವನ ಗಂಟಲಲ್ಲಿ ಕೊಳವೆಯಿತ್ತು. ಅತ್ತಿಗೆ ಅವನ ಅಂಗಾಲು ಉಜ್ಜುತ್ತಿದ್ದರು.

"ನೋಡು, ತೊಂಬತ್ತೆಂಟು ಅಂತ ತೋರಿಸ್ತಿದೆ. ರಕ್ತದಲ್ಲಿ ಆಕ್ಸಿಜನ್ ಚೆನ್ನಾಗಿದೆ ಅಂದ್ರು ನರ್ಸಮ್ಮ. ಮತ್ತೆ ಯಾಕೆ ಕಣ್ಣು ಬಿಡ್ತಿಲ್ಲ?"

"ರಕ್ತಕ್ಕೆ ಬಂದ್ರೆ ಸಾಲದು ಅತ್ತಿಗೆ. ಒಂದೊಂದು ಜೀವಕೋಶದಲ್ಲೂ ಮೈಟೊಕಾಂಡ್ರಿಯ ಅಂತ ಇರುತ್ತೆ. ಆಕ್ಸಿಜನ್ ಬಳಸಿಕೊಂಡು ಶಕ್ತಿ ಮಾಡೋದು ಅದೇ. ಈ ಗ್ಯಾಸು ಹೋಗಿ ಅದನ್ನ ಕಟ್ಟಿಹಾಕಿಬಿಡುತ್ತೆ. ಆಕ್ಸಿಜನ್ ಎದುರಿಗೇ ಇದ್ರೂ ಬಳಸೋಕಾಗಲ್ಲ."

"ಈಗಲೂ ಒಳಗಿದೆಯಾ ಆ ಗ್ಯಾಸು?"

"ಇಲ್ಲ. ಮೈ ಅದನ್ನ ಬೇಗ ಕಳೆದುಬಿಡುತ್ತೆ."

"ಹೋಗಿದ್ರೆ ಎದ್ದೇಳ್ಬೇಕಲ್ಲ!"

ಆಕ್ಸಿಜನ್ ಬಳಸಲಾಗದೆ ಮಿದುಳು ಹತ್ತು ನಿಮಿಷ ಕಾಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವನ ಇನ್ನೊಂದು ಅಂಗಾಲನ್ನು ನಾನು ಉಜ್ಜತೊಡಗಿದೆ.

ಹೊರಗೆ ಕಾರ್ಖಾನೆಯ ವೆಲ್ಡರ್ ಕೆಸರು ಬೂಟಿನಲ್ಲೇ ನಿಂತಿದ್ದ. ನನ್ನನ್ನು ಕಂಡು ಅಳತೊಡಗಿದ.

"ತಡೀರಿ, ಮಾಸ್ಕ್ ತರ್ತೀನಿ ಅಂದೆ ಮೇಡಂ. ಮುಚ್ಚಳ ತೆಗೆದಾಗ ನಾರ್ತಿತ್ತು, ಈಗ ನಾತವೇ ಇಲ್ಲ, ಗಾಳಿಯಾಡಿದೆ ಬಿಡು ಅಂದ್ರು. ಆಮೇಲೆ ನಗ್ತಾ, 'ಈ ಗ್ಯಾಸು ನಮ್ಮ ಮೈಯಲ್ಲೇ ಹುಟ್ಟುತ್ತಂತೆ, ಹೃದಯಕ್ಕೂ ಒಳ್ಳೇದಂತೆ, ನನ್ನ ತಂಗಿ ವಿಜ್ಞಾನಿ, ಅವಳೇ ಹೇಳಿದಾಳೆ' ಅಂದ್ರು."

ಹೇಳಿದ್ದೆ. ಹೋದ ವರ್ಷ ನನ್ನ ಪ್ರಬಂಧ ಅಚ್ಚಾದ ದಿನ, ಅಣ್ಣನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಜಂಬ ಕೊಚ್ಚಿಕೊಂಡಿದ್ದೆ. ನಮ್ಮ ಮೈಯೇ ಅದನ್ನು ಎಳ್ಳಷ್ಟು ತಯಾರಿಸುತ್ತದೆ, ಅದು ರಕ್ತನಾಳಗಳನ್ನು ಸಡಿಲಿಸುತ್ತದೆ, ಮೈಟೊಕಾಂಡ್ರಿಯ ಅದನ್ನೇ ಉರುವಲು ಮಾಡಿಕೊಳ್ಳುತ್ತದೆ ಎಂದೆಲ್ಲ. ಆ ಎಳ್ಳಷ್ಟನ್ನು ಮೀರಿದರೆ ವಿಷ ಎಂದು ಹೇಳಿದೆನೋ ಇಲ್ಲವೋ, ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ಅನಿಲ ಹೆಚ್ಚಾದರೆ ಮೊದಲು ಮೂಗೇ ಮರಗಟ್ಟುತ್ತದೆ, ನಾತ ನಿಂತರೆ ಓಡಬೇಕು ಎಂದಂತೂ ಹೇಳಿರಲಿಲ್ಲ. ತೊಟ್ಟಿಗೆ ಇಳಿಯುವವನಿಗೆ ಅಷ್ಟು ಗೊತ್ತಿರದೆ ಇರುತ್ತದೆಯೇ ಅಂದುಕೊಂಡಿದ್ದೆ.

ಐದನೆಯ ದಿನ ಅಣ್ಣ ತೀರಿಕೊಂಡ.

ವಾರ ಕಳೆದ ಮೇಲೆ ಅತ್ತಿಗೆಯ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಅಣ್ಣನ ಅಂಗಿಗಳನ್ನು ಮಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನೀನು ಹೇಳಿದ್ದನ್ನ ಅವರು ಯಾರ್ಯಾರಿಗೆಲ್ಲ ಹೇಳ್ಕೊಂಡು ಬಂದ್ರು ಗೊತ್ತಾ? ಕ್ಷೌರದಂಗಡಿಯವನಿಗೂ ಹೇಳಿದ್ರು. ಅವನಿಗೇನು ತಲೆಬುಡ ತಿಳೀತೋ. ಇವರಿಗೂ ತಿಳಿದಿರ್ಲಿಲ್ಲ. ನಿನ್ನ ಮಾತಲ್ವಾ, ಅದಕ್ಕೇ ಹೇಳೋರು."

"ಅತ್ತಿಗೆ, ನಾನು ಬೇಕಂತ..."

"ಗೊತ್ತು." ಇನ್ನೊಂದು ಅಂಗಿ ಎತ್ತಿಕೊಂಡರು. "ಆದ್ರೂ ಇನ್ನು ಮೇಲೆ ಈ ಕಡೆ ಬರ್ಬೇಡ. ನಿನ್ನ ಮುಖ ಥೇಟ್ ಅವರದ್ದೇ. ನನ್ನ ಕೈಲಾಗಲ್ಲ."

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಅವರು ತಲೆ ಎತ್ತಲಿಲ್ಲ.