ಕಿವಿಯಣ್ಣ ಕೂರಿಸಿದ ಗಿಯರು

ಅವನಿಗೆ ಕಿವಿಯಣ್ಣ ಅನ್ನುವ ಹೆಸರು ಬಿದ್ದದ್ದು ಕಾರುಗಳ ಹಿಂಭಾಗದಿಂದ. ಹಿಂದಿನ ಸೀಟು ಕಿತ್ತು, ಬರಿಯ ತಗಡಿನ ಮೇಲೆ ಅಡ್ಡಬಿದ್ದು ಕಿವಿಯಿಟ್ಟರೆ, ಕೆಳಗೆ ತಿರುಗುವ ಗಿಯರಿನ ಹಲ್ಲು ಎಲ್ಲಿ ತಪ್ಪಿ ಕಚ್ಚುತ್ತಿದೆ ಎಂದು ಹೇಳಿಬಿಡುತ್ತಿದ್ದ. ಇಂಜಿನ್ನಿನ ಬಲ ಉದ್ದನೆಯ ಶಾಫ್ಟಿನಲ್ಲಿ ಹಿಂದಕ್ಕೆ ಬಂದು ಎರಡೂ ಚಕ್ರಗಳಿಗೆ ಹಂಚಿಹೋಗುವ ಆ ಕಬ್ಬಿಣದ ಗಡ್ಡೆ, ಡಿಫರೆನ್ಷಿಯಲ್, ಅದೊಂದೇ ಅವನ ಲೋಕ. ಮುಂದಿನದೆಲ್ಲ ತಮ್ಮನದು: ಇಂಜಿನ್ನು, ಆಟೋಮ್ಯಾಟಿಕ್ ಗಿಯರ್‌ಬಾಕ್ಸು, ಕಂಪ್ಯೂಟರ್ ಹಚ್ಚಿ ನೋಡುವ ಕೆಲಸ. ಗ್ಯಾರೇಜಿನ ಬಾಗಿಲ ಬಳಿ ಮೇಜು ಹಾಕಿಕೊಂಡು ಫೋನು, ಗಿರಾಕಿ ಎಲ್ಲ ನೋಡಿಕೊಳ್ಳುತ್ತಿದ್ದವಳು ಕಿವಿಯಣ್ಣನ ಹೆಂಡತಿ. ಮೈದುನ ಕರೆಯುವುದನ್ನು ಕೇಳಿ ಕೇಳಿ ಗಿರಾಕಿಗಳಿಗೂ ಅವಳು ಅತ್ತಿಗೆಯೇ ಆಗಿದ್ದಳು.

ಆ ಕಿವಿ ಮಂದವಾಗುತ್ತಿದೆ ಎಂದು ಮೊದಲು ತಿಳಿದದ್ದೂ ಅವಳಿಗೇ. ಬಚ್ಚಲಿನ ನಲ್ಲಿ ಧೋ ಎಂದು ಸುರಿಯುತ್ತಿದ್ದರೂ ಅದರ ಪಕ್ಕದಲ್ಲೇ ಗಡ್ಡ ಹೆರೆದುಕೊಂಡು, ಹಾಗೇ ಬಿಟ್ಟು ಹೊರಗೆ ಬರುತ್ತಿದ್ದ. ಬೆನ್ನ ಹಿಂದೆ ನಿಂತು ಮಾತಾಡಿದರೆ ಗೋಡೆಯ ಜೊತೆ ಮಾತಾಡಿದ ಹಾಗೆ. ಎದುರಿಗೆ ಬಂದರೆ ಮಾತ್ರ ತುಟಿ ನೋಡಿ ಉತ್ತರ ಕೊಡುತ್ತಿದ್ದ.

"ಡಾಕ್ಟ್ರ ಹತ್ರ ಹೋಗಿಬರೋಣ" ಅಂದಳು ಒಂದು ದಿನ.

"ಯಾಕೆ?"

"ಕಿವಿ ತೋರಿಸೋಕೆ."

"ಕಿವಿಗೇನು ಧಾಡಿ? ನೀನು ಗೊಣಗೋದು ಜಾಸ್ತಿಯಾಗಿದೆ, ಅಷ್ಟೇ." ನಕ್ಕ. ಅವಳು ನಗಲಿಲ್ಲ. ಅವನೂ ನಿಲ್ಲಿಸಿದ. "ತಮ್ಮಂಗೆ ಹೇಳ್ಬೇಡ. ಕಿವಿಯಣ್ಣನಿಗೆ ಕಿವುಡು ಅಂದ್ರೆ ಜನ ಬಾಯಿ ಮುಚ್ಕೊಂಡು ನಗಲ್ಲ, ತೆರ್ಕೊಂಡೇ ನಗ್ತಾರೆ. ಕೈ ನೆಟ್ಟಗಿದೆಯಲ್ಲ, ಸಾಕು."

ಅವಳು ಹೇಳಲಿಲ್ಲ. ಹೇಳದೆ ಇರುವುದಷ್ಟೇ ಅಲ್ಲ, ಮುಚ್ಚಿಡಲು ಕೈಯನ್ನೂ ಜೋಡಿಸಿದಳು. ಫೋನು ಅವನ ಕೈಗೆ ಸಿಗದ ಹಾಗೆ ತನ್ನ ಮೇಜಿಗೇ ಎಳೆದುಕೊಂಡಳು. ಗಿರಾಕಿ ಹೇಳಿದ್ದನ್ನು ತಮಾಷೆ ಮಾಡುವವಳಂತೆ ಗಟ್ಟಿಯಾಗಿ ಅವನ ಮುಖದೆದುರು ಮತ್ತೆ ಹೇಳುತ್ತಿದ್ದಳು. ಅಣ್ಣನಿಗೆ ಈಚೆಗೆ ಸ್ವಲ್ಪ ಗತ್ತು ಬಂದಿದೆ, ಕರೆದರೂ ತಿರುಗಲ್ಲ ಎಂದು ಮೈದುನ ರೇಗಿಸಿದಾಗ, "ವಯಸ್ಸಾಯ್ತಲ್ಲಪ್ಪ" ಎಂದು ತೇಲಿಸಿಬಿಟ್ಟಳು.

ಹೀಗಿರುವಾಗ ಊರಿನ ಬೇಕರಿಯ ಯಜಮಾನರು, ಎಲ್ಲರ ಬಾಯಲ್ಲಿ ಬರಿಯ ಬೇಕರಿಯವರು, ತಮ್ಮ ಕಾರು ತಂದರು. ದಪ್ಪ ಮೈಯ, ಮೃದು ಮಾತಿನ ಮನುಷ್ಯ. ಎಷ್ಟು ತೊಳೆದುಕೊಂಡರೂ ಉಗುರಿನ ಸಂದಿಯಲ್ಲಿ ಹಿಟ್ಟು ಉಳಿದಿರುತ್ತಿತ್ತು. ಬೆಳಗಿನಿಂದ ಒಲೆಯ ಮುಂದೆ ಬೇಯುವ ಅವರಿಗೆ ಇದ್ದ ಷೋಕಿ ಅದೊಂದೇ: ಅಗಲ ಟೈರಿನ, ಗುಡುಗುವ ಇಂಜಿನ್ನಿನ, ಕಡುನೀಲಿ ಬಣ್ಣದ ಆಟೋಮ್ಯಾಟಿಕ್ ಕಾರು.

"ಓಡೋಕೆ ಶುರುವಾದ ಮೇಲೆ ಹುಲಿ" ಅಂದರು. "ಆದ್ರೆ ಸಿಗ್ನಲ್ ಬಿಟ್ಟಾಗ ಎಮ್ಮೆ ಎದ್ದ ಹಾಗೆ ಏಳುತ್ತೆ. ಸ್ಕೂಟರಿನವರೂ ಮುಂದೆ ಹೋಗಿ ತಿರುಗಿ ನೋಡ್ತಾರೆ. ಹಿಂದಿನ ಗಿಯರು ಬದಲಾಯಿಸಿದ್ರೆ ಸರಿಹೋಗುತ್ತಂತಲ್ಲ?"

ಅವರ ಹೆಂಡತಿ ಕಾರಿನಿಂದ ಇಳಿದೇ ಇರಲಿಲ್ಲ. ಕಿಟಕಿಯಿಂದಲೇ, "ಅತ್ತಿಗೆ, ಇವರಿಗೆ ಹಿಂದಿನದು ಬೇಡ, ಮುಂದಿನದು ಬದಲಾಯಿಸಿ, ತಲೆ!" ಅಂದರು. ಎಲ್ಲರೂ ನಕ್ಕರು. ಕಿವಿಯಣ್ಣ ಸ್ವಲ್ಪ ತಡವಾಗಿ, ಉಳಿದವರನ್ನು ನೋಡಿ ನಕ್ಕ.

ಕೆಲಸ ಸುಲಭವಲ್ಲ, ಆದರೆ ಅವನಿಗೆ ನೀರು ಕುಡಿದಷ್ಟು ರೂಢಿ. ಕಾರನ್ನು ಮೇಲೆತ್ತಿ, ಕಪ್ಪಗಾದ ಎಣ್ಣೆ ಇಳಿಸಿ, ಹಳೆಯ ಗಿಯರು ಹೊರತೆಗೆದ. ಹಲ್ಲಿನ ಲೆಕ್ಕ ಬೇರೆಯಿರುವ ಹೊಸ ಜೋಡಿ, ಅಂದರೆ ದೊಡ್ಡ ಕ್ರೌನ್ ಚಕ್ರ ಮತ್ತು ಅದಕ್ಕೆ ಕಚ್ಚಿಕೊಳ್ಳುವ ಮುಷ್ಟಿಯಷ್ಟರ ಪಿನಿಯನ್ನು, ಒಳಗೆ ಕೂರಿಸಿದ. ಹಲ್ಲಿಗೆ ಹಳದಿ ಬಣ್ಣ ಬಳಿದು, ತಿರುಗಿಸಿ, ಗುರುತು ಸರಿಯಾದ ಜಾಗದಲ್ಲಿ ಬೀಳುವ ತನಕ ಕಾಗದದಷ್ಟು ತೆಳುವಾದ ಬಿಲ್ಲೆಗಳನ್ನು ತೆಗೆದು ಹಾಕಿ ಮಾಡಿದ. ಉಳಿದದ್ದು ಪಿನಿಯನ್ನಿನ ನಟ್ಟು. ಅದನ್ನು ಬಿಗಿಮಾಡುತ್ತ ಹೋದ ಹಾಗೆ ಒಳಗಿನ ಬೇರಿಂಗು ಹಿಡಿದುಕೊಳ್ಳುತ್ತದೆ. ಸಡಿಲ ಬಿಟ್ಟರೆ ಗಿಯರು ಅಲ್ಲಾಡುತ್ತದೆ, ಹೆಚ್ಚು ಬಿಗಿದರೆ ಬೇರಿಂಗು ಕಾದು ಸಾಯುತ್ತದೆ. ಬಿಗಿ ಅಳೆಯಲು ಒಂದು ಸಾಧನವಿತ್ತು, ಗೋಡೆಯ ಮೊಳೆಗೆ ನೇತುಹಾಕಿತ್ತು. ಕಿವಿಯಣ್ಣ ಅದನ್ನು ಯಾವತ್ತೂ ಮುಟ್ಟಿದವನಲ್ಲ. ಕೈಯಿಂದ ತಿರುಗಿಸಿ, ಬೇರಿಂಗು ಹೊರಡಿಸುವ ಸಣ್ಣ ಸುಯ್ಯೆನ್ನುವ ದನಿ ಕೇಳಿ, ಅಲ್ಲಿಗೆ ನಿಲ್ಲಿಸುವುದು ಅವನ ಪದ್ಧತಿ. ಆ ದಿನ ಅವನು ತಿರುಗಿಸಿದ, ತಲೆ ವಾಲಿಸಿದ, ಇನ್ನೊಂದಿಷ್ಟು ಬಿಗಿದ, ಮತ್ತೆ ತಲೆ ವಾಲಿಸಿದ. ಮೇಜಿನ ಹಿಂದೆ ಕೂತಿದ್ದ ಅವಳು ಅದನ್ನು ನೋಡಿದಳು. ಏನು ನೋಡುತ್ತಿದ್ದೇನೆ ಎಂದು ಮಾತ್ರ ಗೊತ್ತಾಗಲಿಲ್ಲ.

ಹೊಸ ಗಿಯರಿನ ಅನುಪಾತವನ್ನು ಮೈದುನ ಕಾರಿನ ಕಂಪ್ಯೂಟರಿಗೆ ತಿಳಿಸಿದ. ಇಲ್ಲದಿದ್ದರೆ ಆಟೋಮ್ಯಾಟಿಕ್ ಪೆಟ್ಟಿಗೆ ಹೊತ್ತಲ್ಲದ ಹೊತ್ತಿನಲ್ಲಿ ಗಿಯರು ಬದಲಿಸುತ್ತದೆ, ಸ್ಪೀಡು ತೋರಿಸುವ ಮುಳ್ಳು ಸುಳ್ಳು ಹೇಳುತ್ತದೆ. ಅಷ್ಟು ಮಾಡಿ ಇನ್ನೊಬ್ಬರ ಇಂಜಿನ್ನಿನೊಳಗೆ ತಲೆ ಹುದುಗಿಸಿದ್ದರಿಂದ, ಕಾರನ್ನು ಪರೀಕ್ಷೆಗೆ ಓಡಿಸಲು ಅತ್ತಿಗೆಯೇ ಕೂರಬೇಕಾಯಿತು. ಕಿವಿಯಣ್ಣ ಹಿಂದೆ ತಗಡಿನ ಮೇಲೆ ಮಲಗಿದ.

ಊರಾಚೆಯ ರಸ್ತೆಯಲ್ಲಿ ವೇಗ ಹಿಡಿದು ಕಾಲು ತೆಗೆದಾಗ ಅವಳಿಗೆ ಕೇಳಿಸಿತು. ಹಿಂದಿನಿಂದ ಒಂದು ಸಣ್ಣ ಊಳು. ಮತ್ತೆ ವೇಗ ಕೊಟ್ಟರೆ ಅಡಗಿತು, ಬಿಟ್ಟರೆ ಎದ್ದಿತು.

ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿ, ಅವನ ಮುಖಕ್ಕೇ ಹೇಳಿದಳು: "ಏನೋ ಅಳ್ತಾ ಇದೆಯಲ್ರೀ."

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಅರ್ಥವಾಗಲಿಲ್ಲವೆಂದಲ್ಲ. ಅರ್ಥವಾಗಿತ್ತು, ಮುಖ ಬಿಳಿಚಿಕೊಂಡದ್ದು ಅದಕ್ಕೇ. "ಹೊಸ ಹಲ್ಲು" ಅಂದ. "ಒಂದಕ್ಕೊಂದು ಹೊಂದಿಕೊಳ್ಳೋ ತನಕ ಹಾಗೇ. ನಡಿ."

ಅವಳು ಕಾರು ಹೊರಡಿಸಿದಳು. ಅವನಿಗಿಂತ ತನಗೆ ಹೆಚ್ಚು ಗೊತ್ತೇ ಎಂದುಕೊಂಡಳು. ಹಾಗಂದುಕೊಳ್ಳುವುದು ಸುಲಭವೂ ಆಗಿತ್ತು.

ಬೇಕರಿಯವರು ಬಂದಾಗ ಮೈದುನ ಎಂದಿನಂತೆ ಎಚ್ಚರಿಸಿದ: ಶುರುವಿಗೆ ನಿಧಾನ, ಸ್ವಲ್ಪ ಓಡಿಸಿ ಆರಲು ಬಿಡಿ, ಮತ್ತೆ ಓಡಿಸಿ, ಎಣ್ಣೆ ಬದಲಾಯಿಸಲು ತನ್ನಿ, ಅಲ್ಲಿಯ ತನಕ ಸಿಗ್ನಲ್ಲಿನಲ್ಲಿ ಯಾರಿಗೂ ಬುದ್ಧಿ ಕಲಿಸಲು ಹೋಗಬೇಡಿ. ಅವರು ಮಕ್ಕಳ ಹಾಗೆ ತಲೆಯಾಡಿಸಿ ಹೋದರು.

ಆ ವಾರದಲ್ಲೇ ಸುದ್ದಿ ಬಂತು. ಹೆದ್ದಾರಿಯಲ್ಲಿ ಕಾರಿನ ಹಿಂದಿನ ಚಕ್ರಗಳು ಇದ್ದಕ್ಕಿದ್ದಂತೆ ಕಚ್ಚಿಕೊಂಡು ನಿಂತಿವೆ. ಕಾರು ಬುಗುರಿಯಂತೆ ತಿರುಗಿ ನಡುವಿನ ಕಟ್ಟೆಗೆ ಪಕ್ಕೆಯಿಂದ ಬಡಿದಿದೆ. ಬೇಕರಿಯವರ ಸೊಂಟದ ಮೂಳೆ ಮುರಿದಿದೆ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಿದ್ದಾರೆ.

ತನಿಖೆಗೆ ಬಂದ ಅಧಿಕಾರಿ, ಕಾರಿನಿಂದ ಬಿಚ್ಚಿ ತಂದ ಪಿನಿಯನ್ನಿನ ಬೇರಿಂಗನ್ನು ಮೇಜಿನ ಮೇಲಿಟ್ಟ. ಕಾದು ನೀಲಿಗಟ್ಟಿ, ಒಳಗಿನ ಉರುಳೆಗಳು ಕರಗಿ ಅಂಟಿಕೊಂಡಿದ್ದವು.

"ಹೆಚ್ಚು ಬಿಗಿದು ಕೂರಿಸಿದ್ರೂ ಹೀಗಾಗುತ್ತೆ, ಹೊಸ ಗಿಯರನ್ನ ಆರೋಕೆ ಬಿಡದೆ ಅಟ್ಟಾಡಿಸಿದ್ರೂ ಹೀಗಾಗುತ್ತೆ" ಅಂದ. "ಇದನ್ನ ನೋಡಿ ಯಾವುದು ಅಂತ ಹೇಳೋಕಾಗಲ್ಲ."

"ಅಟ್ಟಾಡಿಸಿದ್ದೇ ಸಾರ್" ಅಂದ ಮೈದುನ. "ಅಷ್ಟು ಹೇಳಿ ಕಳಿಸಿದ್ದೆ. ನಮ್ಮಣ್ಣ ಕೂರಿಸಿದ ಗಿಯರು ಇವತ್ತಿನ ತನಕ ಒಂದೂ ವಾಪಸ್ ಬಂದಿಲ್ಲ." ಅವನು ಸುಳ್ಳು ಹೇಳುತ್ತಿರಲಿಲ್ಲ. ಪೂರ್ತಿಯಾಗಿ ನಂಬಿದ್ದ. ಕಿವಿಯಣ್ಣ ಬೇರಿಂಗನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ, ಕೆಳಗಿಟ್ಟು ಹಿಂದಕ್ಕೆ ಹೋದ.

ಅತ್ತಿಗೆ ಆಸ್ಪತ್ರೆಗೆ ಹೋದಳು. ಬೇಕರಿಯವರು ಚಾವಣಿ ನೋಡುತ್ತ ಮಲಗಿದ್ದರು. ಉಗುರಿನ ಸಂದಿಗಳು ಈಗ ಶುಭ್ರವಾಗಿದ್ದವು.

"ನೀವು ಬಂದಿದ್ದು ಒಳ್ಳೇದಾಯ್ತು, ಅತ್ತಿಗೆ. ನಿಮ್ಮ ಯಜಮಾನ್ರದ್ದು ಇದರಲ್ಲಿ ಏನೂ ಇಲ್ಲ. ನಾನು ಹೊರಡೋ ಮುಂಚೆ ಫೋನು ಮಾಡಿ ಕೇಳಿದ್ದೆ."

"ಫೋನಾ?"

"ಹೂಂ. ನನ್ನ ಹೆಂಡತೀನೇ ಮಾಡಿಸಿದ್ಲು. ಹಿಂದೆ ಏನೋ ಊಳಿಡ್ತಾ ಇದೆ, ಹೆದ್ದಾರಿಗೆ ಬೇಡ, ಮೊದಲು ಕೇಳಿ ಅಂದ್ಲು. ನೀವಿರಲಿಲ್ಲ, ಅವರೇ ಎತ್ತಿದ್ರು. ಹೀಗ್ಹೀಗೆ ಶಬ್ದ ಬರ್ತಿದೆ, ಓಡಿಸಬಹುದಾ ಅಂದೆ. ಹಾಂ ಹಾಂ, ಆರಾಮಾಗಿ ಹೋಗ್ಬನ್ನಿ ಅಂದ್ರು. ಕಿವಿಯಣ್ಣ ಹೇಳಿದ ಮೇಲೆ ಇನ್ನೇನು? ಹಾಗಾದ್ರೆ ನಾನೇ ಜೋರಾಗಿ ಒತ್ತಿರಬೇಕು. ನನಗೆ ನೆನಪಾಗ್ತಿಲ್ಲ, ಅತ್ತಿಗೆ. ಅವಳು ನಿಧಾನ, ನಿಧಾನ ಅಂತಿದ್ದಳು. ನನ್ನ ಕೈಯಾರೆ ಅವಳನ್ನ..."

ಅತ್ತಿಗೆ ಹಲ್ಲು ನೋವೆಂದು ಡಾಕ್ಟರ ಬಳಿ ಹೋಗಿದ್ದ ಬೆಳಿಗ್ಗೆ ಅದು. ಎದ್ದು ಹೊರಗೆ ಬಂದಳು. ನೆಟ್ಟಗೆ ಗ್ಯಾರೇಜಿಗೆ ಹೋಗಿ, ಗಂಡನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಬೇಕರಿಯವರ ಫೋನು ಬಂದಿತ್ತೇ ಎಂದು ಕೇಳಿದಳು.

"ಬಂದಿತ್ತು" ಅಂದ. "ಎರಡು ಸಲ ಬೇಕರಿ ಅಂದಿದ್ದು ಗೊತ್ತಾಯ್ತು. ಉಳಿದಿದ್ದೆಲ್ಲ ನೀರೊಳಗೆ ಮಾತಾಡಿದ ಹಾಗೆ. ಗಾಡಿ ಚೆನ್ನಾಗಿದೆ ಅಂತ ಹೇಳೋಕೆ ಮಾಡಿದಾರೆ ಅಂದ್ಕೊಂಡೆ. ಖುಷಿಯಾಯ್ತು ನಂಗೆ. ಆರಾಮಾಗಿ ಹೋಗ್ಬನ್ನಿ ಅಂದೆ."

ಕಾರಿನ ಮೂತಿಯ ಹಿಂದಿನಿಂದ ಮೈದುನ ಎದ್ದು ನಿಂತ. "ಏನಣ್ಣ ಇದು?" ಅಂದ. ಅಣ್ಣ ತಿರುಗಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಕೂಗಿದ. ಆಗಲೂ ತಿರುಗಲಿಲ್ಲ. ತಿಂಗಳುಗಟ್ಟಲೆ ಕಣ್ಣೆದುರಿಗಿದ್ದದ್ದು ಅವನಿಗೆ ಆಗ ಕಂಡಿತು.

"ನಿಮಗೆ ಗೊತ್ತಿತ್ತು" ಅಂದ ಅವಳಿಗೆ.

"ಗೊತ್ತಿತ್ತು. ಕಾರು ಊಳಿಟ್ಟಿದ್ದೂ ಗೊತ್ತಿತ್ತು. ನಾನೇ ಓಡಿಸಿದ್ದು."

ಮೈದುನ ಅಲ್ಲೇ ಡಬ್ಬದ ಮೇಲೆ ಕೂತ. "ಸತ್ತವರು ಎದ್ದು ಬರಲ್ಲ, ಅತ್ತಿಗೆ. ಆ ಮನುಷ್ಯ ತನ್ನದೇ ತಪ್ಪು ಅಂತಿದ್ದಾರೆ. ಆಫೀಸರಿಗೂ ಯಾವುದು ಅಂತ ಗೊತ್ತಿಲ್ಲ. ಬಾಯಿ ಬಿಟ್ಟರೆ ಈ ಶಟರ್ ಮತ್ತೆ ಏಳಲ್ಲ. ಅಣ್ಣ ಜೈಲಿಗೆ ಹೋಗ್ತಾನೆ."

"ಅವರು ಹೆಂಡತೀನ ತಾನೇ ಕೊಂದೆ ಅಂದ್ಕೊಂಡು ಮಲಗಿದಾರೆ."

"ಅದಕ್ಕೆ?"

ಮಾರನೆಯ ದಿನ ಅವಳು ಮತ್ತೆ ಆಸ್ಪತ್ರೆಗೆ ಹೋದಳು. ಗಂಡನನ್ನು ಕರೆದಳು, ಅವನು ಮೆಟ್ಟಿಲ ತನಕ ಬಂದು, ಮೇಲಕ್ಕೆ ಹತ್ತಲಾಗದೆ ಕೈಕಂಬಿ ಹಿಡಿದುಕೊಂಡು ನಿಂತ. ಅವಳೊಬ್ಬಳೇ ಹೋಗಿ, ಮಂಚದ ಪಕ್ಕದಲ್ಲಿ ಕೂತು, ಕಿವಿಯ ವಿಷಯದಿಂದ ಫೋನಿನ ವಿಷಯದ ತನಕ ಒಂದನ್ನೂ ಬಿಡದೆ ಹೇಳಿದಳು.

ಅವಳು ಮುಗಿಸಿದ ಮೇಲೆ ಬೇಕರಿಯವರು, ಚಾವಣಿಯಿಂದ ಕಣ್ಣು ತೆಗೆಯದೆ, "ಅವಳಿಗೆ ಕೇಳಿಸಿತ್ತು" ಅಂದರು. "ನನಗೂ ಕೇಳಿಸಿತ್ತು. ನಿಮಗೂ ಕೇಳಿಸಿತ್ತು."

"ಹೌದು."

"ಎದ್ದು ಹೋಗಿ, ಅತ್ತಿಗೆ."

ಅವಳು ಎದ್ದು ಹೋದಳು. ಅವರು ಅತ್ತದ್ದು ಬಾಗಿಲಾಚೆಗೂ ಕೇಳುತ್ತಿತ್ತು.

ಆಮೇಲಿನದೆಲ್ಲ ಬೇಗ ನಡೆಯಿತು. ಕೋರ್ಟಿನಲ್ಲಿ ವಿಚಾರಣೆಯ ದಿನ ಕಿವಿಯಣ್ಣ ಮೊದಲ ಬಾರಿ ಕಿವಿಗೆ ಮೆಷಿನ್ನು ಹಾಕಿಕೊಂಡು ಬಂದ. ಯಾರೂ ಹೇಳಿರಲಿಲ್ಲ, ತಾನೇ ಹೋಗಿ ಹಾಕಿಸಿಕೊಂಡಿದ್ದ. ಅಲ್ಲಿ ಹೇಳುವ ಒಂದು ಮಾತೂ ತಪ್ಪಬಾರದು ಅಂದ. ಗಾಲಿಕುರ್ಚಿಯಲ್ಲಿ ಬಂದ ಬೇಕರಿಯವರು ಫೋನಿನಲ್ಲಿ ತಾವು ಕೇಳಿದ್ದನ್ನು ಅಕ್ಷರ ಬಿಡದೆ ಹೇಳುವಾಗ, ಅವನು ಮುಂದಕ್ಕೆ ಬಾಗಿ, ಎರಡೂ ಕೈಯನ್ನು ಮಂಡಿಯ ಮೇಲಿಟ್ಟು ಕೇಳಿದ. ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಎದ್ದು ನಿಂತು, "ಇವರು ಕೇಳಿದ್ದು ನನ್ನ ಕಿವಿಗೆ ಬಿದ್ದಿದ್ದು ಇವತ್ತೇ. ನಾನು ಕಿವುಡ. ಅಳತೆಯ ಸಾಧನ ಗೋಡೆ ಮೇಲೇ ಇತ್ತು" ಅಂದ.

ಗ್ಯಾರೇಜಿಗೆ ಬೀಗ ಬಿತ್ತು. ಅವನಿಗೆ ಜೈಲಾಯಿತು. ಮೈದುನ ತನ್ನ ಸಾಮಾನುಗಳನ್ನು ಗಾಡಿಗೆ ತುಂಬಿಕೊಂಡು ಬೇರೆ ಊರಿಗೆ ಹೊರಟ. ಹೊರಡುವಾಗ ಅಣ್ಣನ ವಿಷಯ ಬೇರೆಯವರಲ್ಲಿ ಕೇಳಿದ, ಅವಳನ್ನು ಮಾತಾಡಿಸಲಿಲ್ಲ. ಬೇಕರಿ ಮತ್ತೆ ತೆರೆಯಿತು, ಒಲೆಯ ಮುಂದೆ ಬೇರೆ ಯಾರೋ ನಿಂತರು. ಅತ್ತಿಗೆ ಹೊಲಿಗೆ ಅಂಗಡಿಯೊಂದರಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಸೇರಿಕೊಂಡಳು. ಅಲ್ಲಿ ಅವಳನ್ನು ಯಾರೂ ಅತ್ತಿಗೆ ಅನ್ನುತ್ತಿರಲಿಲ್ಲ.

ಕಿವಿಯಣ್ಣ ಬಿಡುಗಡೆಯಾಗಿ ಬಂದಾಗ ಮೈ ಅರ್ಧವಾಗಿತ್ತು. ಮನೆಯಲ್ಲಿ ಇಬ್ಬರೇ. ಬೇಕಾದಷ್ಟೇ ಮಾತು: ಊಟ ಆಯ್ತಾ, ಸೋಪು ಮುಗಿದಿದೆ, ಬಾಗಿಲು ಹಾಕ್ಕೊ. ಒಂದು ಸಂಜೆ ಅವಳು ತರಕಾರಿ ಹೆಚ್ಚುತ್ತಿದ್ದಾಗ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತ.

"ನೀನು ಹೇಳದೆ ಇದ್ದಿದ್ರೆ, ನಾನು ಇನ್ನೊಂದು ಗಾಡಿ ಮುಟ್ತಿದ್ದೆ" ಅಂದ. "ಮುಟ್ಟೇ ಮುಟ್ತಿದ್ದೆ."

ಅದು ಕೃತಜ್ಞತೆಯೋ ದೂರೋ ಅವಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಅವನು ಒಳಗೆ ಬಂದು, ಎದುರಿಗೆ ಕೂತು, ಉಳಿದ ತರಕಾರಿಯನ್ನು ತನ್ನ ಕಡೆಗೆ ಎಳೆದುಕೊಂಡು ಸಿಪ್ಪೆ ತೆಗೆಯತೊಡಗಿದ.