ನಾನು ಹೇಳುವವರೆಗೆ ಮುಟ್ಟಬೇಡಿ

ನನ್ನನ್ನು ಬೀಳಲು ಬಿಟ್ಟರು. ದಿನಾ ಮೀನಿನ ಬುಟ್ಟಿ ಹೊತ್ತು ಗಟ್ಟಿಯಾದ ಹೆಂಗಸರು ನನ್ನ ಬೆನ್ನ ಹಿಂದೆ ಸಾಲಾಗಿ ನಿಂತು, ನಾನು ಧೊಪ್ಪೆಂದು ನೆಲಕ್ಕೆ ಬೀಳುವುದನ್ನು ಕಣ್ಣು ಬಿಟ್ಟು ನೋಡಿದರು. ಒಬ್ಬಳಾದರೂ ಕೈ ಚಾಚಲಿಲ್ಲ. ಇದು ನಡೆದದ್ದು ಮಣಿಪಾಲದಲ್ಲಿ, ನಾಯಕತ್ವ ತರಬೇತಿಯಲ್ಲಿ. ನಾಯಕತ್ವವಂತೆ! ಅದನ್ನು ಕಲಿಯಲು ಹೋಗಿ ಕೈ ಮುರಿದುಕೊಂಡವಳು ಇಡೀ ಉಡುಪಿ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ನಾನು ಸರಸ. ಕಾಪು ಮಾರುಕಟ್ಟೆಯಲ್ಲಿ ಮೀನು ಕೊಳ್ಳುವವರಿಗೆ ನನ್ನ ಪರಿಚಯ ಬೇರೆ ಬೇಡ, ನನ್ನ ಗಂಟಲೇ ಸಾಕು. ನಮ್ಮದು ಮೀನು ಮಾರುವ ಹೆಂಗಸರ ಒಂದು ಸಂಘ. ಬೆಳಿಗ್ಗೆ ಮಲ್ಪೆ ಬಂದರಿನ ಏಲಂನಲ್ಲಿ ಒಟ್ಟಿಗೆ ಮೀನು ತೆಗೆಯುತ್ತೇವೆ, ಶಮೀರನ ಟೆಂಪೋದಲ್ಲಿ ತರುತ್ತೇವೆ. ಅರ್ಧ ಕಾಪುವಿನಲ್ಲಿ ಖರ್ಚಾಗುತ್ತದೆ, ಉಳಿದದ್ದು ಹಿರಿಯಡ್ಕ, ಕಾರ್ಕಳದ ಕಡೆಗೆ ಹೋಗುತ್ತದೆ. ಸಂಘ ಹುಟ್ಟಿದಂದಿನಿಂದ ನಾನೇ ಅಧ್ಯಕ್ಷೆ. ಯಾವ ಮೀನು ತೆಗೆಯುವುದು, ಯಾರು ಎಲ್ಲಿ ಕೂರುವುದು, ಬಂಗುಡೆಯ ರೇಟು ಯಾವ ಹೊತ್ತಿಗೆ ಇಳಿಸುವುದು, ಎಲ್ಲವೂ ನನ್ನ ಬಾಯಿಂದಲೇ ಬರಬೇಕು. ನಾನು ಹೇಳದೆ ಅಲ್ಲಿ ಒಂದು ಐಸಿನ ತುಂಡೂ ಅಲುಗುವುದಿಲ್ಲ.

ಕಷ್ಟವಿದ್ದದ್ದು ನನ್ನ ಬಲ ಮೊಣಕಾಲಿನದ್ದು. ಪೂರ್ತಿ ಸವೆದಿದೆ, ಆಪರೇಷನ್ ಆಗಲೇಬೇಕು, ಆಮೇಲೆ ಮೂರು ತಿಂಗಳು ಮಾರುಕಟ್ಟೆಯ ಹೆಸರೆತ್ತಬಾರದು ಎಂದು ಡಾಕ್ಟ್ರು ಹೇಳಿ ವರ್ಷವಾಗಿತ್ತು. ಮೂರು ತಿಂಗಳು! ಅಷ್ಟರಲ್ಲಿ ಸಂಘ ನೀರಲ್ಲಿ ಹೋಮವಾದ ಹಾಗೆಯೇ. ಅಷ್ಟು ಮನೆಯ ಒಲೆ ಉರಿಯುವುದು ಅದರಿಂದ. ಯಾರ ಕೈಗೆ ಕೊಡಲಿ? ಗುಲಾಬಿಗೆ ಬಾಯಿಯೇ ಇಲ್ಲ, ಕುಸುಮಳಿಗೆ ಬಾಯಿ ಬಿಟ್ಟು ಬೇರೆ ಎಂತದ್ದೂ ಇಲ್ಲ. ನನ್ನ ಸೊಸೆ ಶ್ರೇಯಾ ಡಿಗ್ರಿ ಮಾಡಿದವಳು, ಆದರೆ ಏಲಂನಲ್ಲಿ ಕೂಗಲು ಅವಳಿಗೆ ನಾಚಿಕೆ. ಹೀಗೆ ಆಪರೇಷನ್ ಮುಂದೆ ಮುಂದೆ ಹೋಗುತ್ತಲೇ ಇತ್ತು, ನಾನು ಕಾಲಿಗೆ ಎಣ್ಣೆ ತಿಕ್ಕುತ್ತಲೇ ಇದ್ದೆ.

ತರಬೇತಿಯ ಸುದ್ದಿ ತಂದವಳು ಶ್ರೇಯಾಳೇ. "ಮಾಮಿ, ಮಣಿಪಾಲದಲ್ಲಿ ಒಂದು ಸಂಸ್ಥೆಯವರು ಸಂಘದ ಹೆಂಗಸರಿಗೆ ನಾಯಕತ್ವದ ಬಗ್ಗೆ ಕಲಿಸ್ತಾರಂತೆ. ಫ್ರೀ. ಊಟವೂ ಉಂಟು," ಎಂದಳು.

"ಊಟ ಎಂತದ್ದು?"

"ಅನ್ನ, ಸಾರು, ಪಲ್ಯ."

"ಮೀನಿನವರನ್ನು ಕರೆದು ಪಲ್ಯ ಬಡಿಸುವುದಾ? ಒಳ್ಳೆ ಮರ್ಯಾದೆ ಮಾರಾಯ್ತಿ," ಎಂದು ಬೈದೆ. ಆದರೂ ಒಳಗೊಳಗೆ ಆಸೆಯಾಯಿತು. ನಮ್ಮ ಗುಂಪಿನಲ್ಲಿ ಒಬ್ಬಳನ್ನಾದರೂ ಅವರು ತಿದ್ದಿ ತೀಡಿ ಕೊಟ್ಟರೆ ನನ್ನ ಕಾಲು ಉಳಿಯುತ್ತದೆ, ಸಂಘವೂ ಉಳಿಯುತ್ತದೆ. ಮಾರುಕಟ್ಟೆಗೆ ರಜೆ ಹಾಕಿ ಎಲ್ಲರನ್ನೂ ಟೆಂಪೋದಲ್ಲಿ ತುಂಬಿಸಿ ಕರೆದುಕೊಂಡು ಹೋದೆ.

ಕಲಿಸಲು ಬಂದವಳು ಡೈನಾ ಎಂಬ ಹುಡುಗಿ. ಹುಡುಗಿ ಎಂದರೆ ಮೂವತ್ತು ದಾಟಿರಬೇಕು, ಆದರೆ ನನ್ನ ಸೊಂಟದ ಹತ್ತಿರಕ್ಕೆ ಬರುತ್ತಿದ್ದಳು. ವೀಡಿಯೋ ತೋರಿಸಿದಳು, ಗೋಡೆಗೆ ಬಣ್ಣದ ಕಾಗದ ಅಂಟಿಸಿದಳು. ಮೀಟಿಂಗನ್ನು ಪ್ರತಿ ಸಲ ಬೇರೆಬೇರೆಯವರು ನಡೆಸಬೇಕಂತೆ. ಅಧ್ಯಕ್ಷೆ ಎಲ್ಲರದ್ದೂ ಕೇಳಿಯಾದ ಮೇಲೆ ಕೊನೆಗೆ ಬಾಯಿ ತೆರೆಯಬೇಕಂತೆ. "ನಾಯಕಿ ಎಂದರೆ ಎಲ್ಲವನ್ನೂ ಮಾಡುವವಳಲ್ಲ, ಮಾಡಿಸುವವಳೂ ಅಲ್ಲ. ಮಾಡಲು ಬಿಡುವವಳು," ಎಂದಳು. ಬಿಟ್ಟರೆ ಆಯಿತು ಕಥೆ, ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ.

ಆಮೇಲೆ ಅವಳು ನಮ್ಮವರ ಕಡೆಗೆ ತಿರುಗಿ, "ಸರಸಕ್ಕ ಒಂದು ವಾರ ಬರದಿದ್ದರೆ ನೀವು ಎಂತ ಮಾಡ್ತೀರಿ?" ಎಂದು ಕೇಳಿದಳು. ಎಲ್ಲರೂ ನನ್ನ ಮುಖ ನೋಡಿದರು.

"ಅವರಿಗೆ ಗೊತ್ತಿಲ್ಲ ಮೇಡಂ," ಎಂದೆ ನಾನು.

"ನಾನು ಅವರನ್ನು ಕೇಳಿದ್ದು ಅಕ್ಕ."

"ನಾನೂ ಅವರ ಪರವಾಗಿಯೇ ಹೇಳಿದ್ದು."

ಡೈನಾ ನಕ್ಕಳು. ಊಟವಾದ ಮೇಲೆ ಒಂದು ಆಟ ಆಡಿಸುತ್ತೇನೆ ಎಂದಳು. ಒಬ್ಬರು ಕಣ್ಣು ಮುಚ್ಚಿ, ಮೈ ಸಡಿಲ ಬಿಟ್ಟು, ಬೆನ್ನ ಹಿಂದಕ್ಕೆ ಬೀಳಬೇಕು. ಹಿಂದೆ ನಿಂತವರು ಹಿಡಿಯಬೇಕು. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಎಷ್ಟು ಉಂಟು ಎಂದು ತಿಳಿಯಲಿಕ್ಕೆ. ಮೊದಲು ಅವಳೇ ಬಿದ್ದು ತೋರಿಸಿದಳು, ಆ ಸಂಸ್ಥೆಯ ಇಬ್ಬರು ಹುಡುಗಿಯರು ಹೂವಿನಂತೆ ಹಿಡಿದರು.

"ನಮ್ಮಲ್ಲಿ ಮೊದಲು ನಾನೇ," ಎಂದು ಎದ್ದೆ. ಡೈನಾ ನನ್ನವರನ್ನು ಹಿಂದೆ ನಿಲ್ಲಿಸಿ, ಕೈ ಹೇಗೆ ಹಿಡಿಯುವುದು ಎಂದು ತೋರಿಸುತ್ತಿದ್ದಳು. ಅಷ್ಟರಲ್ಲೇ ಕುಸುಮ ನನ್ನ ಸೊಂಟಕ್ಕೆ ಕೈ ಹಾಕಿದಳು. ನನಗೆ ಕಚಗುಳಿ ಆಗುವುದು ಅವಳಿಗೆ ಗೊತ್ತಿಲ್ಲವಾ? "ಏಯ್, ಕೈ ಕೆಳಗೆ! ನಾನು ‘ಹಾಂ’ ಹೇಳುವವರೆಗೆ ಯಾರೂ ಮುಟ್ಟಬೇಡಿ!" ಎಂದು ಗದರಿದೆ. ಎಲ್ಲರ ಕೈಯೂ ಕೆಳಗಿಳಿಯಿತು.

ಡೈನಾ ಒಂದು, ಎರಡು, ಮೂರು ಎಂದಳು. ಮೂರು ಎಂದದ್ದೇ ತಡ ನಾನು ಬಿದ್ದೆ.

ಅಯ್ಯಯ್ಯೋ! ಆ ಹೊತ್ತಿನ ನೋವಿಗಿಂತ ಹೆಚ್ಚು ನೆನಪಿರುವುದು ಮೇಲಿನಿಂದ ನನ್ನನ್ನು ನೋಡುತ್ತಿದ್ದ ಆ ಮುಖಗಳು. ಒಬ್ಬೊಬ್ಬಳದ್ದೂ ಬಾಯಿ ತೆರೆದಿತ್ತು, ಕೈ ಮಾತ್ರ ಸೀರೆಗೆ ಅಂಟಿಕೊಂಡೇ ಇತ್ತು. ಎಡಗೈ ಮಣಿಕಟ್ಟು ಲಟಕ್ಕೆಂದದ್ದು ನನಗೇ ಕೇಳಿತ್ತು. "ದ್ರೋಹಿಗಳಾ!" ಎಂದು ಬಿದ್ದಲ್ಲಿಂದಲೇ ಕೂಗಿದೆ. "ನಿಮ್ಮನ್ನು ಸಾಕಿದ್ದಕ್ಕೆ ಇದಾ? ನನ್ನನ್ನು ಕೊಲ್ಲಲಿಕ್ಕೆ ಇಷ್ಟು ದೂರ ಬರಬೇಕಿತ್ತಾ, ಮಲ್ಪೆಯ ಕಡಲು ಸಾಕಿರಲಿಲ್ಲವಾ?" ಗುಲಾಬಿ ಅಳುತ್ತಿದ್ದಳು. ಅವಳ ಕಣ್ಣೀರು ನೋಡಿ ನನಗೆ ಇನ್ನೂ ಮೈ ಉರಿಯಿತು. ತಳ್ಳಿ ಹಾಕಿದವರೂ ಹೀಗೆಯೇ ಅಳುತ್ತಾರೆ, ನಾನು ಎಷ್ಟು ಕಂಡಿಲ್ಲ.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಬಿಪಿ ಮೇಲೆ ಹೋಗಿದೆ, ಇವತ್ತು ಇಲ್ಲೇ ಇರಿ ಎಂದರು. ಹೋಗದೆ ಇರುತ್ತದಾ? ಉಳಿದವರನ್ನೆಲ್ಲ ಮುಖ ನೋಡದೆ ಕಳುಹಿಸಿಬಿಟ್ಟೆ. ಶ್ರೇಯಾ ಒಬ್ಬಳು ಮಂಚದ ಹತ್ತಿರ ಕುಳಿತಿದ್ದಳು. ಅವಳೂ ಆ ಸಾಲಿನಲ್ಲಿದ್ದವಳೇ.

"ನೀನಾದರೂ ಹಿಡಿಯಬಹುದಿತ್ತಲ್ಲ. ನಿನಗೆ ನಾನು ಏನು ಅನ್ಯಾಯ ಮಾಡಿದ್ದೇನೆ?" ಎಂದು ಕೇಳಿದೆ.

ಅವಳು ನನ್ನ ಹೊದಿಕೆಯ ಅಂಚು ಸರಿಮಾಡಿದಳು. ಆಮೇಲೆ, "ಮಾಮಿ, ನೀವು ‘ಹಾಂ’ ಹೇಳಲಿಲ್ಲ," ಎಂದಳು.

"ಎಂತ?"

"ಹಾಂ ಹೇಳುವವರೆಗೆ ಮುಟ್ಟಬೇಡಿ ಅಂದಿರಿ. ನಾವು ಹಾಂ ಹೇಳ್ತೀರಿ ಅಂತ ಕಾಯ್ತಾ ಇದ್ದೆವು. ನೀವು ಹೇಳದೆಯೇ ಬಿದ್ದಿರಿ."

"ಮನುಷ್ಯರು ಬೀಳುವುದು ಕಣ್ಣಿಗೆ ಕಾಣುತ್ತಿರಲಿಲ್ಲವಾ ನಿಮಗೆ?"

"ಕಾಣ್ತಾ ಇತ್ತು ಮಾಮಿ. ಕೈ ಏಳಲಿಲ್ಲ."

ದ್ರೋಹ ಆಗಿದ್ದರೆ ಬೈಯಬಹುದಿತ್ತು, ಜಗಳ ಮಾಡಬಹುದಿತ್ತು. ಇದಕ್ಕೆ ಎಂತ ಮಾಡುವುದು? ಕಣ್ಣ ಮುಂದೆ ನಾನು ಬೀಳುತ್ತಿದ್ದರೂ ನನ್ನ ಅಪ್ಪಣೆಗೆ ಕಾದು ನಿಂತವರು ನಾಳೆ ಮಲ್ಪೆಯಲ್ಲಿ ಬೂತಾಯಿ ಮೀನಿನ ರೇಟು ಇಳಿಯುವಾಗ ಎಂತ ಮಾಡಿಯಾರು? ಉಚ್ಚಿಲದ ದೇವಿ ತಾಯೀ, ನಾನು ಕಟ್ಟಿದ್ದು ಸಂಘವಾ, ಗೊಂಬೆಗಳ ಅಂಗಡಿಯಾ ಎಂದು ಹೆದರಿಕೆಯಾಯಿತು. ನನ್ನ ಮೊಣಕಾಲಿನ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಸಾಯುವವರೆಗೂ ಕುಂಟುತ್ತಾ ಏಲಂಗೆ ಹೋಗುವುದೇ ನನ್ನ ಹಣೆಬರಹ.

ಮರುದಿನ ಬೆಳಿಗ್ಗೆ ಎದ್ದವಳೇ ಫೋನು ಕೈಗೆ ತೆಗೆದುಕೊಂಡೆ. ಏಲಂ ಶುರುವಾಗಿ ಎಷ್ಟೋ ಹೊತ್ತಾಗಿತ್ತು. ರಾಶಿ ಮಿಸ್ಡ್ ಕಾಲ್ ಇರುತ್ತವೆ, ಅಕ್ಕ ಎಂತ ತೆಗೆಯುವುದು, ಅಕ್ಕ ಎಷ್ಟಕ್ಕೆ ಕೂಗುವುದು ಎಂದು ಅವರ ಜೀವ ಹೋಗಿರುತ್ತದೆ ಎಂದು ನನ್ನ ಅಂದಾಜು. ನೋಡಿದರೆ ಒಂದೇ ಒಂದು ಕಾಲ್ ಇಲ್ಲ. ಫೋನು ಹಾಳಾಗಿದೆಯೋ ಎಂದು ಶ್ರೇಯಾಳ ಫೋನಿನಿಂದ ರಿಂಗ್ ಮಾಡಿಸಿ ನೋಡಿದೆ. ಸರಿಯಾಗಿಯೇ ಇತ್ತು.

ಅಂದರೆ ಯಾರೂ ಮಲ್ಪೆಗೆ ಹೋಗಿಯೇ ಇಲ್ಲ! ನಾನು ಹೋಗಿ ಎಂದು ಹೇಳಲಿಲ್ಲ, ಅವರು ಹೋಗಲಿಲ್ಲ. ಎಲ್ಲರೂ ಮನೆಯಲ್ಲಿ ಕಾಲು ಚಾಚಿ ನನ್ನ ಮಾತಿಗೆ ಕಾಯುತ್ತಿದ್ದಾರೆ. ಗಿರಾಕಿಗಳು ಬಂದು ಖಾಲಿ ಕಟ್ಟೆ ನೋಡಿ ಬೇರೆಯವರ ಹತ್ತಿರ ಹೋಗುತ್ತಾರೆ, ಹೋದ ಗಿರಾಕಿ ತಿರುಗಿ ಬರುವುದುಂಟಾ? ಡಿಸ್ಚಾರ್ಜ್ ಕಾಗದ ಕೈಗೆ ಬಂದ ಕೂಡಲೇ ಆಟೋ ಹತ್ತಿದೆ. "ಮಾಮಿ, ಮನೆಗೆ ಹೋಗುವ, ಮಲಗಿ," ಎಂದಳು ಶ್ರೇಯಾ. "ನೀನು ಮಲಗು," ಎಂದೆ. ಕಟಪಾಡಿ ದಾಟುವವರೆಗೂ ಆಟೋದವನಿಗೆ ಬೈಯುತ್ತಲೇ ಇದ್ದೆ, ಪಾಪ, ಅವನು ಜೋರಾಗಿಯೇ ಬಿಡುತ್ತಿದ್ದ.

ಮಾರುಕಟ್ಟೆಯಲ್ಲಿ ನಮ್ಮ ಕಟ್ಟೆಯ ಮುಂದೆ ಜನವೋ ಜನ. ಜಗಳವಾಗಿದೆ, ಪೊಲೀಸರು ಬಂದಿದ್ದಾರೆ ಎಂದೇ ತಿಳಿದು ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿದೆ. ಕಟ್ಟೆಯ ತುಂಬ ಮೀನು. ಬಂಗುಡೆ, ಕಾಣೆ, ಅಂಜಲ್. ಅಷ್ಟು ದುಬಾರಿಯ ಅಂಜಲನ್ನು ನಾನು ವಾರದ ನಡುವೆ ತೆಗೆಯುವವಳೇ ಅಲ್ಲ. ಕುಸುಮ ತೂಕ ಮಾಡುತ್ತಿದ್ದಳು. ಗುಲಾಬಿ ಮರದ ಹಲಗೆಯ ಮುಂದೆ ನಿಂತು ಮೀನು ಕೆರೆದು, ಹೊಟ್ಟೆ ತೆಗೆದು, ತುಂಡು ಮಾಡಿ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಕೊಡುತ್ತಿದ್ದಳು. ಫ್ಲ್ಯಾಟಿನ ಹೆಂಗಸರು ಕ್ಯೂ ನಿಂತಿದ್ದರು. ಮೀನು ಮಾರುವುದು ನಮ್ಮ ಕೆಲಸ, ಊರವರ ಮೀನು ತೊಳೆದು ಕೊಡುವ ಆಳುಗಳಲ್ಲ ನಾವು ಎಂದು ನಾನು ಈ ಕಟ್ಟೆಯ ಮೇಲೆ ನಿಂತೇ ಹೇಳಿದ್ದೆ. ಯಾರಿಗೆ ಹೇಳಿದ್ದು? ಇದೇ ಗುಲಾಬಿಗೆ.

"ಗುಲಾಬೀ!" ಎಂದು ಕೂಗಿದೆ. "ಯಾರು ಹೇಳಿದ್ದು ಇದನ್ನು ಮಾಡಲಿಕ್ಕೆ?"

ಅವಳು ತಲೆ ಎತ್ತಿದಳು. ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. ಆದರೆ ಕೈಯ ಕತ್ತಿ ನಿಲ್ಲಲಿಲ್ಲ. "ಅಕ್ಕ, ಸ್ವಲ್ಪ ಆಚೆ ನಿಲ್ಲಿ, ಗಿರಾಕಿಗಳಿಗೆ ಅಡ್ಡ ಆಗ್ತದೆ," ಎಂದಳು.

ನನಗೆ! ನನ್ನ ಕಟ್ಟೆಯ ಮುಂದೆ! ಕೆನ್ನೆಗೆ ಹೊಡೆದಿದ್ದರೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲ. ಇನ್ನೂ ಆಶ್ಚರ್ಯವೆಂದರೆ, ನಾನು ಆಚೆ ನಿಂತೆ.

ಮೀನು ಖಾಲಿಯಾದ ಮೇಲೆ ಅವಳು ಕೈ ತೊಳೆದುಕೊಂಡು ಬಂದಳು. ಉಳಿದವರು ಹಿಂದೆ ನಿಂತರು.

"ಕತ್ತಿ, ಹಲಗೆ ಎಲ್ಲಿಂದ ಬಂತು?" ಎಂದು ಕೇಳಿದೆ.

"ಕಾರ್ಕಳದಲ್ಲಿ ತೆಗೆದದ್ದು ಅಕ್ಕ."

"ಯಾವಾಗ? ನಿನ್ನೆ ನನ್ನನ್ನು ಬೀಳಿಸಿ ಬರುವಾಗಲಾ?"

"ಅಲ್ಲ. ಹೋದ ದೀಪಾವಳಿಗೆ. ಎಲ್ಲರೂ ಸೇರಿ ತೆಗೆದೆವು. ನೀವು ಒಂದಲ್ಲ ಒಂದು ದಿನ ಆಗಲಿ ಅನ್ನಬಹುದು ಅಂತ ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೆ."

ಹೋದ ದೀಪಾವಳಿಗೆ! ಇಷ್ಟು ದಿನ ದಿನಾ ನನ್ನ ಹತ್ತಿರ ಕುಳಿತು ಮೀನು ಮಾರಿದವಳು. "ಒಂದು ಮಾತು ಹೇಳಲಿಕ್ಕೆ ಎಂತ ಹೆದರಿಕೆ? ನಾನೇನು ಹುಲಿಯಾ?" ಎಂದೆ. ಯಾರೂ ಅಲ್ಲ ಎನ್ನಲಿಲ್ಲ. ಶಮೀರ್ ಟೆಂಪೋದ ಆಚೆ ಬದಿಗೆ ಹೋಗಿ ಕೆಮ್ಮಿದ.

"ಬೆಳಿಗ್ಗೆ ಒಂದು ಫೋನಾದರೂ ಮಾಡಬಹುದಿತ್ತು."

"ಮಾಡಿದರೆ ನೀವು ಬೇಡ ಅಂತಿದ್ರಿ," ಎಂದಳು ಕುಸುಮ.

ಅದು ಸತ್ಯವೇ. ನಾನು ಖಂಡಿತ ಬೇಡ ಅನ್ನುತ್ತಿದ್ದೆ.

ಗುಲಾಬಿ ಸೆರಗು ತಿರುಚುತ್ತಾ ನಿಂತಿದ್ದಳು. "ನಿನ್ನೆ ನೀವು ಬಿದ್ದಾಗ ನನಗೆ ನನ್ನ ಮೇಲೆಯೇ ಹೇಸಿಗೆ ಆಯಿತು ಅಕ್ಕ. ಇನ್ನು ಹಾಗೆ ನಿಲ್ಲುವುದಿಲ್ಲ ಅಂತ ಟೆಂಪೋದಲ್ಲೇ ಎಲ್ಲರೂ ಮಾತಾಡಿಕೊಂಡೆವು. ಮತ್ತೆ, ಇನ್ನೊಂದು ಉಂಟು. ಶ್ರೇಯಾಳಿಗೆ ಫೋನ್ ಮಾಡಿ, ಡಾಕ್ಟ್ರ ಹತ್ತಿರ ಮಾತಾಡು ಅಂತ ಹೇಳಿದೆವು. ಕೈಯ ಪ್ಲಾಸ್ಟರ್ ತೆಗೆದು, ಕೈಗೆ ಶಕ್ತಿ ಬಂದ ಮೇಲೆ ನಿಮ್ಮ ಮೊಣಕಾಲಿನ ಆಪರೇಷನ್. ದಿನ ಗೊತ್ತು ಮಾಡಿ ಆಗಿದೆ."

ನಾನು ಶ್ರೇಯಾಳ ಕಡೆ ನೋಡಿದೆ. ಅವಳು ಖಾಲಿ ಬುಟ್ಟಿ ಜೋಡಿಸುವ ನೆಪ ಮಾಡಿಕೊಂಡು ಆ ಕಡೆ ತಿರುಗಿದಳು.

"ನನ್ನ ಕಾಲಿಗೆ ದಿನ ಇಡಲಿಕ್ಕೆ ನೀವು ಯಾರು?" ಎಂದು ಬೊಬ್ಬೆ ಹಾಕಿದೆ. "ನನ್ನನ್ನು ಒಂದು ಮಾತು ಕೇಳುವುದು ಬೇಡವಾ?"

"ಕೇಳದೆ ಮಾಡುವುದನ್ನು ನಾವು ನಿಮ್ಮಿಂದಲೇ ಕಲಿತದ್ದು ಅಕ್ಕ," ಎಂದಳು ಗುಲಾಬಿ. ತಿರುಚುತ್ತಿದ್ದ ಸೆರಗನ್ನು ಬಿಟ್ಟು, ನನ್ನ ಮುಖ ನೋಡಿಯೇ ಹೇಳಿದಳು.

ಮಾರುಕಟ್ಟೆಯ ನಡುವೆ, ಜನ ನೋಡುತ್ತಿದ್ದಂತೆ, ನಾನು ಅತ್ತುಬಿಟ್ಟೆ. ಸಂಘ ಉಳಿಯಿತಲ್ಲ ಎಂಬ ಸಮಾಧಾನಕ್ಕೆ ಅರ್ಧ, ನಾನಿಲ್ಲದೆಯೂ ಉಳಿಯುತ್ತದಲ್ಲ ಎಂಬ ಹೊಟ್ಟೆಕಿಚ್ಚಿಗೆ ಇನ್ನರ್ಧ. ಕುಸುಮ ಬಂದು ಪ್ಲಾಸ್ಟರ್ ಇಲ್ಲದ ಕೈಯನ್ನು ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ.

ಮೂಗು ಒರೆಸಿಕೊಂಡು, "ಮೂರು ತಿಂಗಳು ಸಂಘವನ್ನು ನೀವು ಸುಧಾರಿಸ್ತೀರಾ?" ಎಂದು ಕೇಳಿದೆ.

"ನೀವು ನಿಧಾನಕ್ಕೆ ಗುಣ ಮಾಡಿಕೊಳ್ಳಿ ಅಕ್ಕ," ಎಂದಳು ಗುಲಾಬಿ. "ನಾಲ್ಕು ತಿಂಗಳಾದರೂ ನಮಗೆ ಅವಸರ ಇಲ್ಲ."