ಹಲ್ಲುಗಳಿಗೆ ಹೆದರುವ ಪಿಂಗಾಣಿ ಕುರಿ

ನಾನು ಒಂದು ಪಿಂಗಾಣಿ ಕುರಿ. ನಿಮ್ಮ ಹೆಬ್ಬೆರಳಿನ ಉಗುರಿನ ಮೇಲೆ ನಿಲ್ಲಿಸಿದರೆ ನಿಲ್ಲುತ್ತೇನೆ, ಅಷ್ಟೇ ನನ್ನ ಗಾತ್ರ. ಹುಟ್ಟಿದ್ದು ಫ್ರಾನ್ಸಿನಲ್ಲಿ, ಬೆಂಕಿಯ ಭಟ್ಟಿಯೊಳಗೆ. ಹೊರಗೆ ಬಂದ ಮೇಲೆ ಒಬ್ಬ ಹೆಂಗಸು ಸಣ್ಣ ಕುಂಚದಿಂದ ನನಗೆ ಕಣ್ಣು ಬರೆದಳು. ಕಣ್ಣು ಬಂದ ಮೊದಲನೇ ಗಳಿಗೆಯಲ್ಲೇ ಹೆದರಿಕೆಯೂ ಬಂತು, ಯಾಕೆಂದರೆ ಅವಳು ಪಕ್ಕದವಳಿಗೆ ಹೇಳುತ್ತಿದ್ದಳು: "ಪಾಪ, ಎಷ್ಟು ಚಂದ ಬರೆದರೇನು, ಎಲ್ಲಾ ಹೋಗಿ ಜನರ ಬಾಯಿಗೆ ಬೀಳೋವೇ!"

ಬಾಯಿಗೆ! ನಾನೇನು ತಿನ್ನುವ ಪದಾರ್ಥವೇ?

ಅಲ್ಲಿನ ಪದ್ಧತಿ ಹಾಗಂತೆ. ಜನವರಿಯ ಮೊದಲ ವಾರ, ಶಿಶು ಯೇಸುವನ್ನು ನೋಡಲು ಬಂದ ಮೂವರು ರಾಜರ ಹಬ್ಬಕ್ಕೆ, ಆ ದೇಶದ ಮನೆಮನೆಯಲ್ಲೂ ಗಲೆಟ್ ಅನ್ನುವ ದುಂಡನೆಯ ಕೇಕು ತಿನ್ನುತ್ತಾರೆ. ಮೇಲೆ ಕೆಳಗೆ ಪದರಪದರವಾಗಿ ಉದುರುವ ಹಿಟ್ಟು, ನಡುವೆ ಬಾದಾಮಿ ಹೂರಣ. ಆ ಹೂರಣದೊಳಗೆ ನನ್ನಂಥ ಒಂದು ಬೊಂಬೆಯನ್ನು ಹುದುಗಿಸುತ್ತಾರೆ. ಬೊಂಬೆ ಯಾರ ತುಂಡಿನಲ್ಲಿ ಸಿಗುತ್ತದೋ ಅವರೇ ಅವತ್ತಿನ ರಾಜ, ಅವರಿಗೆ ಚಿನ್ನದ ಬಣ್ಣದ ಕಾಗದದ ಕಿರೀಟ. ನೀವು ಪ್ರವಾಸಕ್ಕೆ ಹೋದರೆ ದೊಡ್ಡ ಗೋಪುರ, ಅರಮನೆ ನೋಡಿ ಬರುತ್ತೀರಿ. ಈ ಕೇಕನ್ನೂ ತಿನ್ನಿ, ಬೇಡ ಅನ್ನಲ್ಲ. ನಿಧಾನಕ್ಕೆ ಕಚ್ಚಿ ಮಾರಾಯ್ರೇ, ಒಳಗೆ ಒಬ್ಬರು ನಡುಗುತ್ತಾ ಕೂತಿರುತ್ತಾರೆ.

ನನ್ನನ್ನು ಕೊಂಡವನು ಒಂದು ಸಣ್ಣ ಊರಿನ ಬೇಕರಿಯವನು, ಆನ್ಸೆಲ್ಮ್. ನನ್ನ ಜೊತೆ ಬಂದ ಕುರಿಗಳೆಲ್ಲ ಗಿರಾಕಿಗಳ ಕೇಕಿನೊಳಗೆ ಹೋದವು, ಒಂದೂ ತಿರುಗಿ ಬರಲಿಲ್ಲ. ನನ್ನ ಒಂದು ಕಣ್ಣು ಸೊಟ್ಟ ಅಂತ ನನ್ನನ್ನು ತನ್ನ ಮನೆಯ ಕೇಕಿಗೇ ಇಟ್ಟುಕೊಂಡ. ಹನ್ನೊಂದು ವರ್ಷ, ಪ್ರತಿ ಜನವರಿಯಲ್ಲೂ, ನಾನು ಅವನ ಓವನ್ನಿನೊಳಗೆ ಹೋಗಿ ಬಂದಿದ್ದೇನೆ. ಬೆಣ್ಣೆ ಚರ್ರೆನ್ನುವ ಸದ್ದು, ಕತ್ತಲು, ಆಮೇಲೆ ಚಾಕು. ಆದರೆ ಒಂದು ಮಾತು ಹೇಳಬೇಕು, ಆನ್ಸೆಲ್ಮ್ ಕೆಲಸ ಬಲ್ಲವನು. ನನ್ನನ್ನು ಯಾವತ್ತೂ ಕೇಕಿನ ಅಂಚಿನ ಹತ್ತಿರವೇ ಒತ್ತುತ್ತಿದ್ದ. ಚಾಕು ಹೇಗೆ ಓಡಿದರೂ ನಡುವನ್ನು ದಾಟಲೇಬೇಕು, ನಡುವಿನಲ್ಲಿಟ್ಟರೆ ನನಗೆ ತಾಗುತ್ತದೆ. ಚಾಕುವಿನಿಂದ ಅವನು ಉಳಿಸಿದ, ಹಲ್ಲಿನಿಂದ ಯಾರೂ ಉಳಿಸಲಿಲ್ಲ. ಒಂದು ವರ್ಷ ಅವನ ಅಳಿಯ ಗಿಸ್ಲಾಂ ಗಬಗಬ ತಿಂದು ನನ್ನ ಒಂದು ಕಿವಿ ಮುರಿದ. ಮುರಿದು, "ಅಯ್ಯೋ ನನ್ನ ಹಲ್ಲು!" ಅಂತ ಕಿರುಚಿದ. ನನ್ನ ಕಿವಿಯ ಬಗ್ಗೆ ಒಬ್ಬರಾದರೂ ಕೇಳಿದರೆ ಕೇಳಿ!

ಹನ್ನೊಂದನೆಯ ವರ್ಷದ ಶರತ್ಕಾಲದಲ್ಲಿ ಆನ್ಸೆಲ್ಮ್‌ಗೆ ಲಕ್ವ ಹೊಡೆಯಿತು. ಎಡಗಡೆಯ ಕೈ ಹೋಯಿತು, ಎಡಗೆನ್ನೆ ಜೋತುಬಿತ್ತು. ಒಂದು ಸಲ ಬ್ರೆಡ್ಡು ಗಂಟಲಿಗೆ ಸಿಕ್ಕಿ ಮುಖವೆಲ್ಲ ನೀಲಿಯಾಯಿತು. ಅವತ್ತಿನಿಂದ ಮಗಳು ಕ್ಲೊತೀಲ್ದ್ ಅಪ್ಪನಿಗೆ ಹಿಸುಕಿದ ಆಲೂಗಡ್ಡೆ ಬಿಟ್ಟು ಬೇರೆ ಕೊಡಲಿಲ್ಲ. ಅವಳಿಗೂ ಹೆದರಿಕೆ, ಅದನ್ನು ತಪ್ಪು ಅನ್ನುವುದಿಲ್ಲ. ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಅವನ ಎದುರಿಗೇ, ಅವನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಮಾತಾಡುತ್ತಿದ್ದರು. "ಅಪ್ಪ ತಿಂದಾಯ್ತಾ?" "ಅಪ್ಪನ್ನ ಕಿಟಕಿ ಹತ್ತಿರ ಇಡಿ." ಇಡಿ ಅಂತೆ! ವಸ್ತುವಾಗಿ ಬದುಕುವುದು ಏನು ಅಂತ ನನ್ನನ್ನು ಕೇಳಿ.

ಮುಂದಿನ ಜನವರಿಯ ಒಂದು ಭಾನುವಾರ ಮಧ್ಯಾಹ್ನ, ಕೇಕು ಮಾಡಿದವಳು ಕ್ಲೊತೀಲ್ದ್. ನನ್ನನ್ನು ಎತ್ತಿ ಸರಿಯಾಗಿ ನಡುಮಧ್ಯಕ್ಕೆ ಒತ್ತಿದಳು. ನಡುವಿನಲ್ಲಿ! ಓವನ್ನಿನಲ್ಲಿ ಬೇಯುತ್ತಾ ನನಗೆ ಒಂದೇ ಯೋಚನೆ, ಚಾಕು.

ನಾಲ್ಕು ತುಂಡು ಮಾಡಿದಳು. ಗಂಡ ಗಿಸ್ಲಾಂಗೆ, ತನಗೆ, ಮಗಳು ಲುದಿವೀನ್‌ಗೆ. ನಾಲ್ಕನೆಯದು ಅಲ್ಲಿನ ಹಳೆಯ ರೂಢಿಯಂತೆ, ಬಾಗಿಲು ತಟ್ಟಿ ಬರಬಹುದಾದ ಯಾರೋ ಬಡವನಿಗೆ. ಆ ಮನೆಯ ಬಾಗಿಲನ್ನು ಹನ್ನೊಂದು ವರ್ಷದಲ್ಲಿ ಯಾವ ಬಡವನೂ ತಟ್ಟಿದ್ದಿಲ್ಲ. ಬಾರದವನಿಗೆ ಒಂದು ತುಂಡು, ಎದುರಿಗೆ ಕೂತ ಅಪ್ಪನಿಗೆ ಏನೂ ಇಲ್ಲ!

ಚಾಕು ನನಗೆ ಟಕ್ ಅಂತ ತಾಗಿತು. ಕ್ಲೊತೀಲ್ದ್ ಬೇಕೆಂದೇ ಜೋರಾಗಿ ಕೆಮ್ಮಿದಳು. ಆ ಟಕ್ ಸದ್ದು ಅಪ್ಪನ ಕಿವಿಗೆ ಬಿದ್ದರೆ "ಬೇಕರಿಯವನ ಮಗಳಾಗಿ ಬೊಂಬೆ ನಡುವಿನಲ್ಲಿಡ್ತೀಯಾ?" ಅಂತ ಅಣಕಿಸುತ್ತಾನಲ್ಲ, ಆ ನಾಚಿಕೆ. ಚಾಕುವನ್ನು ಕೊಂಚ ಓರೆ ಮಾಡಿ ಇಳಿಸಿದಳು. ನಾನು ಯಾವ ತುಂಡಿಗೆ ಸರಿದೆ ಅಂತ ಅವಳಿಗೂ ತಿಳಿಯಲಿಲ್ಲ.

ಇನ್ನು ಹಂಚುವುದು. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ಕೂತು, ಕಣ್ಣಿಗೆ ಕಾಣದ ತುಂಡು ಯಾರಿಗೆ ಅಂತ ಹೇಳಬೇಕು. ಚಿಕ್ಕವಳೆಂದರೆ ಲುದಿವೀನ್, ವಯಸ್ಸು ಇಪ್ಪತ್ತಾರು, ಟಪಾಲು ವ್ಯಾನು ಓಡಿಸುವವಳು. ಮಂಡಿ ಮಡಚಿ, ತಲೆ ತಗ್ಗಿಸಿ, ಬೈದುಕೊಳ್ಳುತ್ತಾ ಒಳಗೆ ತೂರಿದಳು.

"ನೆನಪಿದೆ ತಾನೇ? ಮೂರು ಹೆಸರು, ಬಡವ ನಾಲ್ಕನೆಯವನು," ಅಂದಳು ತಾಯಿ.

ಗಿಸ್ಲಾಂ ನಾನಿದ್ದ ತುಂಡನ್ನು ಮುಟ್ಟಿ ಕೇಳಿದ: "ಇದು ಯಾರಿಗೆ?"

ಮೇಜಿನ ಕೆಳಗಿಂದ ದನಿ ಬಂತು: "ತಾತನಿಗೆ."

"ಲುದಿವೀನ್!"

"ಕೆಳಗೆ ಕೂತವರ ಮಾತಿಗೆ ಎದುರಾಡಬಾರದು ಅಂತ ನೀನೇ ಕಲಿಸಿದ್ದು, ಅಮ್ಮಾ. ತಾತ ಕಾಲಿನಲ್ಲಿ ನನ್ನ ಕೈ ತುಳೀತಾ ಇದಾನೆ, ಬೇಗ ಕೊಡು."

ಆನ್ಸೆಲ್ಮ್ ಬಲಗೈಯನ್ನು ಮೇಜಿನ ಮೇಲೆ ಚಾಚಿದ. "ಊರಿಗೆಲ್ಲ ನಾನು ತಿನ್ನಿಸಿದೆ," ಅಂದ, ಮಾತು ಅರ್ಧ ತೊದಲಿತು. "ನನಗೆ ಇಲ್ವಾ?"

ಕ್ಲೊತೀಲ್ದ್ ಫೋರ್ಕಿನಿಂದ ಆ ತುಂಡನ್ನು ಎರಡು ಕಡೆ ಚುಚ್ಚಿ ನೋಡಿದಳು. ನಾನು ತಳದ ಹಿಟ್ಟಿಗೆ ಅಂಟಿಕೊಂಡಿದ್ದೆ, ಸಿಗಲಿಲ್ಲ. ತಟ್ಟೆ ಅಪ್ಪನ ಮುಂದೆ ಬಂತು.

ಅವನ ಬಾಯಿ. ಹಲ್ಲಿಗೆ ಸಿಗಲಿಲ್ಲ, ಜೋತುಬಿದ್ದ ಎಡಗೆನ್ನೆಯೊಳಗೆ ಉರುಳಿದೆ. ಆ ಕಡೆ ಅವನಿಗೆ ಸ್ಪರ್ಶವೇ ಇಲ್ಲ. ಹೂರಣ ನುಂಗಿದ, ನಾನು ಉಳಿದೆ, ಗಂಟಲಿಗೆ ಎರಡು ಬೆರಳು ದೂರ. ಇಷ್ಟು ವರ್ಷ ನನ್ನ ಜೀವಕ್ಕೆ ಹೆದರಿದ್ದೆ. ಅವತ್ತು ಮೊದಲ ಸಲ ಇನ್ನೊಬ್ಬರ ಜೀವಕ್ಕೆ ಹೆದರಿದೆ. ಇವನೊಂದು ಸಲ ಉಸಿರನ್ನು ಜೋರಾಗಿ ಎಳೆದರೆ ನಾನೇ ಇವನ ಕೊಲೆಗಾರ.

ಗಿಸ್ಲಾಂ ತಟ್ಟೆ ಖಾಲಿಯಾಯಿತು, ಲುದಿವೀನ್ ಮೇಲೆ ಬಂದು ತನ್ನದನ್ನೂ ಮುಗಿಸಿದಳು. ಬೊಂಬೆ ಇಲ್ಲ. ಕ್ಲೊತೀಲ್ದ್ ತನ್ನ ತುಂಡನ್ನು ತಿನ್ನದೆ ಬೆರಳಿನಲ್ಲಿ ಪುಡಿಪುಡಿ ಮಾಡಿದಳು. ಅಲ್ಲೂ ಇಲ್ಲ.

"ಅಪ್ಪಾ, ನಿನಗೆ ಸಿಕ್ತಾ?"

ಅವನು ಇಲ್ಲ ಅಂತ ತಲೆಯಾಡಿಸಿದ. ನಾನು ಕೆನ್ನೆಯೊಳಗೆ ಒಂದು ಹೆಜ್ಜೆ ಹಿಂದಕ್ಕೆ ಜಾರಿದೆ.

"ನುಂಗಿಬಿಟ್ಟಿದಾನೆ!" ಕ್ಲೊತೀಲ್ದ್ ಕುರ್ಚಿ ಬೀಳಿಸಿ ಎದ್ದಳು. "ನಾನು ಬೇಡ ಅಂದಿರಲಿಲ್ವಾ? ಡಾಕ್ಟರಿಗೆ ಫೋನ್ ಮಾಡ್ರೀ!" ಆ ಕಿರುಚಾಟಕ್ಕೆ ಮುದುಕನಿಗೂ ಗಾಬರಿಯಾಯಿತು, ಉಸಿರು ಬಿರುಸಾಯಿತು. ಒಂದೊಂದು ಉಸಿರಿಗೂ ನಾನು ಹಿಂದಕ್ಕೆ, ಹಿಂದಕ್ಕೆ. ಕೂಗೋಣ ಅಂದರೆ ಬಣ್ಣದಲ್ಲಿ ಬರೆದ ಬಾಯಿ, ತೆರೆಯುವುದಿಲ್ಲ.

"ಇರಿ, ಕೆಳಗೆ ಬಿದ್ದಿರಬೇಕು," ಅಂತ ಲುದಿವೀನ್ ಮತ್ತೆ ಮೇಜಿನ ಕೆಳಗೆ ತೂರಿದಳು. ನೆಲ ತಡಕಿ, ಸಿಗದೆ, ತಲೆಯೆತ್ತಿ ಮೇಲೆ ನೋಡಿದಳು. ಕೆಳಗಿನಿಂದ ನೋಡಿದವಳಿಗೆ ಜೋತ ಕೆನ್ನೆಯಲ್ಲಿ ಒಂದು ಸಣ್ಣ ಉಬ್ಬು ಕಂಡಿತು.

"ಅಮ್ಮಾ, ಸುಮ್ನಿರು. ತಾತಾ, ಅಲ್ಲಾಡಬೇಡ. ತಲೆ ಬಗ್ಗಿಸು. ಇನ್ನೂ."

ಅವಳ ಬೆರಳು ಬಂತು, ಬದಿಯಿಂದ, ಕೊಕ್ಕೆಯಂತೆ. ನಾನು ತಟ್ಟೆಗೆ ಬಿದ್ದು ಠಣ್ ಅಂದೆ.

ಆನ್ಸೆಲ್ಮ್ ನನ್ನನ್ನು ನೋಡಿದ, ಆಮೇಲೆ ಮಗಳನ್ನು.

"ಕಿರೀಟ ಎಲ್ಲಿ?"

"ಕಿರೀಟ ಅಂತೆ! ಸತ್ತೇ ಹೋಗ್ತಿದ್ದೆಯಲ್ಲಪ್ಪಾ!" ಅಂದು ಕ್ಲೊತೀಲ್ದ್ ಗಳಗಳ ಅತ್ತಳು. ಅಳುತ್ತಲೇ ಕಿರೀಟ ತಂದು ಅವನ ತಲೆಗಿಟ್ಟಳು. ರಾಜನ ಅಪ್ಪಣೆಯನ್ನು ಅವತ್ತು ಮೀರುವ ಹಾಗಿಲ್ಲ. ರಾಜ ಅವಳ ತಟ್ಟೆಯ ಪುಡಿಯತ್ತ ಬೆರಳು ತೋರಿಸಿದ. ಅವಳು ಆ ಪುಡಿಯನ್ನು ಹಾಲಿನಲ್ಲಿ ನೆನೆಸಿ, ಚಮಚವನ್ನು ಅವನ ಬಲಗೈಗೆ ಕೊಟ್ಟಳು. ತಾನು ತಿನ್ನಿಸಲಿಲ್ಲ, ಅವನ ಕೈಗೇ ಕೊಟ್ಟಳು.

ಈಗ ನಾನು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲಿದ್ದೇನೆ. ಮೈಯ ಬಣ್ಣ ಹೋಗಿದೆ, ಬಾಯಿಗೆ ಹೋಗುವ ಕೆಲಸ ಇಲ್ಲ. ಹೂರಣದಲ್ಲಿ ನನ್ನ ಬದಲು ಚೆರಿ ಜಾಮಿನ ಒಂದು ಚುಕ್ಕೆ ಇಡುತ್ತಾರೆ, ಕೆಂಪು ಸಿಕ್ಕವರಿಗೆ ಕಿರೀಟ. ಹೆದರಿಕೆ ಮುಗಿಯಿತು ಅಂದುಕೊಂಡಿದ್ದೆ. ಎಲ್ಲಿ ಮುಗಿಯುತ್ತದೆ? ಜನವರಿ ಬಂದರೆ ಲುದಿವೀನ್ ಮೇಜಿನ ಕೆಳಗೆ ತೂರುವ ಮೊದಲೇ, ಯಾರನ್ನೂ ಕೇಳದೆ, ಕ್ಲೊತೀಲ್ದ್ "ಮೊದಲನೇದು ಅಪ್ಪನಿಗೆ" ಅನ್ನುತ್ತಾಳೆ. ತುಂಡನ್ನು ಪುಡಿ ಮಾಡಿ, ಹಾಲು ಹಾಕಿ, ಮುಂದಿಡುತ್ತಾಳೆ. ಅವನು ತಲೆ ಬಗ್ಗಿಸಿ ಚಮಚ ಎತ್ತುತ್ತಾನೆ. ಅವನು ನುಂಗುವವರೆಗೆ ಮೂವರೂ ಉಸಿರು ಹಿಡಿದು ನೋಡುತ್ತಾರೆ. ಕಿಟಕಿಯಲ್ಲಿ ನಾನೂ.